ಎರಡು ಮಾರು ದೂರ

ಕಷ್ಟದ ಇಂಗ್ಲಿಷನ್ನು ಸುಲಭದ ಕನ್ನಡಕ್ಕೆ ತರುವುದರಲ್ಲಿ ನನ್ನನ್ನು ಮೀರಿಸುವವರು ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಯಲ್ಲೇ ಇಲ್ಲ ಎಂಬ ಜಂಬ ನನಗೆ ಬಹಳ ದಿನ ಇತ್ತು. ವಿಪತ್ತು ನಿರ್ವಹಣೆಯ ವಿಭಾಗದಲ್ಲಿ ನಾನು ಗುಮಾಸ್ತೆ. ಸಿಡಿಲು, ನೆರೆ, ಬಿಸಿಗಾಳಿ, ಯಾವುದರ ಕರಪತ್ರ ಬಂದರೂ ಕನ್ನಡ ಮಾಡಲು ನನ್ನ ಮೇಜಿಗೇ ಬರುತ್ತಿತ್ತು. "ನೀವು ಬರೆದ್ರೆ ಕುರಿ ಕಾಯೋರಿಗೂ ಅರ್ಥ ಆಗುತ್ತಮ್ಮ" ಎಂದು ಸಾಹೇಬರು ಹೊಗಳಿದರೆ, ಕಡತದಲ್ಲಿ ಮುಖ ಹುದುಗಿಸಿಕೊಂಡು ಹಿಗ್ಗುತ್ತಿದ್ದೆ. ಆ ಜಂಬಕ್ಕೆ ನನ್ನ ಅಕ್ಕ ಬೆಲೆ ತೆತ್ತಳು.

ಹೋದ ವರ್ಷ ಬಂದದ್ದು ವಿಕಿರಣದ ಕರಪತ್ರ. ನಮ್ಮ ಜಿಲ್ಲೆಯಲ್ಲಿ ಅಣು ಸ್ಥಾವರವಿಲ್ಲ. ಆದರೆ ಆಸ್ಪತ್ರೆಗಳಿಗೂ ಕಾರ್ಖಾನೆಗಳಿಗೂ ಹೋಗುವ ವಿಕಿರಣದ ಪೆಟ್ಟಿಗೆಗಳು ಹೆದ್ದಾರಿಯಲ್ಲಿ ಹಾದುಹೋಗುತ್ತವೆ. ಅಂಥದೊಂದು ಲಾರಿ ಉರುಳಿದರೆ ಯಾರು ಏನು ಮಾಡಬೇಕೆಂದು ಕೇಂದ್ರದ ತಜ್ಞರೂ ರಾಜ್ಯದ ಪೊಲೀಸ್, ಅಗ್ನಿಶಾಮಕ, ಆರೋಗ್ಯ ಇಲಾಖೆಗಳೂ ಸೇರಿ ಗೌರಿಬಿದನೂರಿನಲ್ಲಿ, ಆಮೇಲೆ ಚಿಂತಾಮಣಿಯಲ್ಲಿ ಅಣಕು ಪ್ರದರ್ಶನ ನಡೆಸುವುದೆಂದು ಗೊತ್ತಾಯಿತು. ಅದಕ್ಕೆ ಮೊದಲು ಊರೂರಿಗೂ ಕರಪತ್ರ ಹಂಚಬೇಕು. ವಿಷಯ ಕೇಂದ್ರದವರದು, ಭಾಷೆ ರಾಜ್ಯದ್ದು.

ಎರಡು ಕಡೆ ತಡೆದು ನಿಂತೆ. ಮೊದಲನೆಯದು ಮೀಟರ್ ಲೆಕ್ಕ. ನಮ್ಮ ಕಡೆ ಹೆಂಗಸರು ಎರಡು ಕೈ ಚಾಚಿ ಮಾರು ಲೆಕ್ಕದಲ್ಲಿ ಹೂವು ಅಳೆಯುತ್ತಾರೆ. ಹಾಗಾಗಿ ಮೀಟರನ್ನು ಮಾರು ಮಾಡಿದೆ. ಎರಡನೆಯದು ವಿಕಿರಣ ಎಂಬ ಪದವೇ. ಅದು ಯಾರಿಗೆ ಅರ್ಥವಾಗಬೇಕು? ಆಗ ಅಕ್ಕ ನೆನಪಾದಳು. ಅವಳ ಎದೆಯ ಗಡ್ಡೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ ನಡೆದಿತ್ತು. ಅಲ್ಲಿ ಕಾಯುವ ಬೆಂಚಿನ ಮೇಲೆ ಕೂತವರೆಲ್ಲ ಅದಕ್ಕೆ ಹೇಳುತ್ತಿದ್ದದ್ದು ಒಂದೇ ಮಾತು, ಕರೆಂಟ್ ಕೊಡೋದು. ಪದ ಸಿಕ್ಕಿತಲ್ಲ ಎಂದು ಖುಷಿಯಾಗಿ ಬರೆದೆ: "ಆಸ್ಪತ್ರೆಯಲ್ಲಿ ಕೊಡುವ ಕರೆಂಟ್‌ನಂಥ ವಿಕಿರಣ ತಗುಲಿದವರಿಂದ ಮಕ್ಕಳನ್ನು ಎರಡು ಮಾರು ದೂರ ಇಡಿ."

ಲಾರಿಯೊಳಗಿನ ವಸ್ತುವಿನ ಧೂಳು ಮೈಗೆ ಅಂಟಿಕೊಂಡವರ ಬಗ್ಗೆ ಆಡಬೇಕಾದ ಮಾತು ಅದು. ಆಸ್ಪತ್ರೆಯ ಯಂತ್ರದಿಂದ ಕರೆಂಟ್ ಕೊಡಿಸಿಕೊಂಡು ಬಂದವರ ಮೈಯಲ್ಲಿ ಏನೂ ಉಳಿಯುವುದಿಲ್ಲ, ಯಾರಿಗೂ ತಗುಲುವುದಿಲ್ಲ. ಇದು ನನಗೆ ಗೊತ್ತಿತ್ತು. ಡಾಕ್ಟರು ನನ್ನೆದುರೇ ಹೇಳಿದ್ದರು. ಬರೆಯುವಾಗ ಹೊಳೆಯಲಿಲ್ಲ. ಕೇಂದ್ರದವರಿಗೆ ಕನ್ನಡ ಬಾರದು. ನಮ್ಮವರು, ವಿಷಯ ಕೇಂದ್ರದ್ದಲ್ಲವೇ, ಅವರೇ ನೋಡಿರುತ್ತಾರೆ ಎಂದು ರುಜು ಹಾಕಿದರು. ಕರಪತ್ರ ಅಚ್ಚಾಯಿತು.

ಅಕ್ಕನ ಮನೆ ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಮಗ, ಸೊಸೆ, ಒಂದೂವರೆ ವರ್ಷದ ಮೊಮ್ಮಗಳು, ಒಂದು ರೇಷ್ಮೆ ಹುಳುವಿನ ಮನೆ. ಚಿಕಿತ್ಸೆ ಮುಗಿದು ಅವಳು ಊರಿಗೆ ಹೋದ ಮೇಲೆ ಪ್ರದರ್ಶನದ ತಯಾರಿಯ ಗಡಿಬಿಡಿಯಲ್ಲಿ ಒಂದು ತಿಂಗಳು ನಾನು ಅತ್ತ ತಲೆ ಹಾಕಲಿಲ್ಲ. ಫೋನಿನಲ್ಲಿ ಮಾತ್ರ "ಚೆನ್ನಾಗಿದ್ದೀನಿ ಕಣೇ" ಎನ್ನುತ್ತಿದ್ದಳು.

ಹೋಗಿ ನೋಡಿದರೆ ಅಕ್ಕ ಮನೆಯ ಹೊರಗೆ, ಹುಣಸೆಮರದ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಎದುರಿಗೆ ನೆಲದ ಮೇಲೆ ಸುಣ್ಣದ ಗೆರೆ. ನಾನು ಅದನ್ನು ದಾಟಿ ಹೋಗಿ ಪಕ್ಕದಲ್ಲಿ ಕೂತೆ. ಮಗು ಕುಣಿಯುತ್ತಾ ಬಂತು. ಅಕ್ಕ ಎರಡೂ ಕೈ ಅಗಲಕ್ಕೆ ಚಾಚಿ "ರಾವೊದ್ದಮ್ಮಾ, ಬರಬ್ಯಾಡ" ಎಂದಳು. ಮುದ್ದು ಬಂದಾಗ ನಮ್ಮ ಮನೆಯಲ್ಲಿ ತೆಲುಗೇ ಬಾಯಿಗೆ ಬರುವುದು. ಮಗು ಅದನ್ನೊಂದು ಆಟ ಮಾಡಿಕೊಂಡಿತ್ತು. ಅಜ್ಜಿ ಕೈ ಚಾಚಿದೊಡನೆ ಎರಡು ಹೆಜ್ಜೆ ಹಿಂದೆ ಹೋಗಿ, ಗೆರೆಯಾಚೆ ನಿಂತು ಕೇಕೆ ಹಾಕಿತು.

"ಯಾರು ಕಣೇ ನಿನ್ನನ್ನ ಇಲ್ಲಿ ಕೂರಿಸಿದ್ದು?" ಎಂದು ಅಕ್ಕನನ್ನು ಕೇಳಿ, ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನುಂಗುವಂತೆ ನೋಡಿದೆ. ಪಾಪ, ಆ ಹುಡುಗಿ ಅತ್ತುಬಿಟ್ಟಳು. "ನಾನಲ್ಲ ಚಿಕ್ಕತ್ತೆ. ಎಷ್ಟು ಕರೆದ್ರೂ ಒಳಗೆ ಬರಲ್ಲ ಅಂತಾರೆ."

ಅಕ್ಕ ಸೆರಗಿನ ಗಂಟು ಬಿಚ್ಚಿ ನನ್ನ ಕರಪತ್ರ ತೆಗೆದಳು. ಮಡಿಕೆ ಮಡಿಕೆ ಸವೆದಿತ್ತು. "ನೀನೇ ಬರೆದಿರೋದಂತಲ್ಲ. ಊರಿಗೆಲ್ಲಾ ಹೇಳ್ದೆ, ನಮ್ಮ ತಂಗಿ ಬರೆದಿರೋದು ಅಂತ. ಎರಡು ಮಾರು ನಾನೇ ಅಳೆದೆ. ಹುಳುಮನೆಗೂ ಹೋಗಲ್ಲ ಕಣಮ್ಮ, ಹುಳಕ್ಕೆ ಏನಾದ್ರೂ ಆದೀತು."

ಅವಳ ಕಾಲು ಹಿಡಿದು ಹೇಳಿದೆ. ತಪ್ಪು ಬರೆದೆ ಅಕ್ಕ, ನಿನ್ನ ಕರೆಂಟ್ ಬೇರೆ, ಇದು ಬೇರೆ ಎಂದೆ. ಅಕ್ಕ ನಕ್ಕು ನನ್ನ ತಲೆ ನೇವರಿಸಿದಳು. "ಗೌರ್ಮೆಂಟಿನವ್ರು ಅಚ್ಚು ಹಾಕ್ಸಿರೋದು ಸುಳ್ಳಾಗುತ್ತಾ? ನನ್ನ ಸಮಾಧಾನಕ್ಕೆ ಹೇಳ್ತೀಯ." ಆಸ್ಪತ್ರೆಗೆ ಫೋನು ಮಾಡಿ ಡಾಕ್ಟರ ಕೈಲೂ ಹೇಳಿಸಿದೆ. ಅವರಿಗೂ ನಾನೇ ಹೇಳಿಕೊಟ್ಟಿರಬೇಕು ಎಂದಳು.

ಗೌರಿಬಿದನೂರಿನ ಪ್ರದರ್ಶನಕ್ಕೆ ಕೇಂದ್ರದ ತಂಡದಲ್ಲಿ ಬಂದಿದ್ದ ಡಾಕ್ಟರಮ್ಮನ ಮುಂದೆ ಅತ್ತುಕೊಂಡೆ. ದೊಡ್ಡ ಮನಸ್ಸಿನ ಹೆಂಗಸು. ಮರುದಿನ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಜೀಪನ್ನು ಅಕ್ಕನ ಊರಿಗೆ ತಿರುಗಿಸಿದರು. ಅಕ್ಕನ ಕೈ ಹಿಡಿದು ಕೂತು, ವಿಕಿರಣ ಅಳೆಯುವ ಯಂತ್ರವನ್ನು ಅವಳ ಎದೆಯ ಹತ್ತಿರ ಹಿಡಿದರು. ಯಂತ್ರ ಟಿಕ್, ಟಿಕ್ ಎಂದಿತು.

ಅಕ್ಕ ಕೈ ಬಿಡಿಸಿಕೊಂಡು ಚಪ್ಪಡಿಯ ತುದಿಗೆ ಸರಿದಳು.

ಕಲ್ಲಿನಲ್ಲಿ, ಮಣ್ಣಿನಲ್ಲಿ, ಎಲ್ಲೆಲ್ಲೂ ಚೂರುಪಾರು ವಿಕಿರಣ ಇದ್ದೇ ಇರುತ್ತದೆ, ಅದಕ್ಕೇ ಈ ಸದ್ದು ಎಂದು ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ನನ್ನ ಕನ್ನಡದ ಮೇಲೆ ನನಗೇ ನಂಬಿಕೆ ಹೋಗಿತ್ತು. ನೋಡಿ, ಎಲ್ಲರ ಹತ್ತಿರವೂ ಅಷ್ಟೇ ಎಂದು ತೋರಿಸಲು ಅವರು ಯಂತ್ರವನ್ನು ಮಗುವಿನ ಬಳಿ ಹಿಡಿದರು. ಅಲ್ಲೂ ಟಿಕ್, ಟಿಕ್.

"ಅಯ್ಯೋ ದೇವ್ರೇ, ಮಗೂಗೂ ತಗುಲಿಸಿಬಿಟ್ನಲ್ಲಾ" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಅವಳನ್ನು ಹಿಡಿದುಕೊಳ್ಳಲು ನಾನೂ ಸೊಸೆಯೂ ಇಬ್ಬರೂ ಬೇಕಾಯಿತು. ಆ ಸಂಜೆ ಅವಳು ಗೆರೆಯನ್ನು ಇನ್ನೊಂದು ಮಾರು ಆಚೆಗೆ ಎಳೆದಳಂತೆ.

ಇನ್ನು ಅವಳು ನಂಬುವುದು ಅಚ್ಚಾದ ಹಾಳೆಯನ್ನು ಮಾತ್ರ. ತಿದ್ದುಪಡಿ ಕರಪತ್ರಕ್ಕೆ ಟಿಪ್ಪಣಿ ಬರೆದೆ, ತಪ್ಪು ನನ್ನದೆಂದು ಒಪ್ಪಿಕೊಂಡೇ ಬರೆದೆ. ಒಬ್ಬರನ್ನು ಕೇಳದೆ ಇನ್ನೊಬ್ಬರು ಒಂದಕ್ಷರವನ್ನೂ ಬದಲಿಸಬಾರದು ಎಂದು ಕೇಂದ್ರ, ರಾಜ್ಯ ಒಪ್ಪಿಕೊಂಡಿದ್ದವು. ಒಳ್ಳೆಯದಕ್ಕೇ ಮಾಡಿದ ನಿಯಮ. ವಿಷಯ ಬದಲಾದೀತು, ಕೇಂದ್ರ ಒಪ್ಪಲಿ ಎಂದು ಇಲ್ಲಿಂದ ಪತ್ರ ಹೋಯಿತು. ಬದಲಾಗುವುದು ಭಾಷೆ ಮಾತ್ರ, ರಾಜ್ಯವೇ ನೋಡಿಕೊಳ್ಳಲಿ ಎಂದು ಅಲ್ಲಿಂದ ಉತ್ತರ ಬಂತು. ಹಾಗೆಂದು ಸ್ಪಷ್ಟವಾಗಿ ಬರೆದುಕೊಡಲಿ ಎಂದು ಮತ್ತೆ ಇಲ್ಲಿಂದ ಹೋಯಿತು. ಯಾರೂ ಕೆಟ್ಟವರಲ್ಲ, ಯಾರಿಗೂ ಅವಸರವಿರಲಿಲ್ಲ. ಅವಸರ ಇದ್ದದ್ದು ನನಗೊಬ್ಬಳಿಗೆ, ಏಕೆಂದರೆ ಅಕ್ಕನ ಗಡ್ಡೆ ಶ್ವಾಸಕೋಶಕ್ಕೆ ಇಳಿದಿತ್ತು.

ಒಂದು ಹಾಳೆ ನಾನೇ ಟೈಪ್ ಮಾಡಿ, ಮೊಹರು ಒತ್ತಿ ಕೊಟ್ಟಿದ್ದರೆ ಆಗುತ್ತಿತ್ತು. ಮೊಹರು ನನ್ನ ಮೇಜಿನ ಖಾನೆಯಲ್ಲೇ ಇತ್ತು. ಕೆಲಸ ಹೋದೀತೆಂದು ಹೆದರಿದೆ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ರೇಷ್ಮೆ ಹುಳುಗಳು ಮೇವು ಬಿಟ್ಟು ಹಣ್ಣಾಗಿ, ಅವನ್ನು ಗೂಡು ಕಟ್ಟಲು ಬಿಟ್ಟ ದಿನ, ಮನೆಯವರೆಲ್ಲ ಕೆಲಸದಲ್ಲಿದ್ದಾಗ, ಅಕ್ಕ ಹೋದಳು. ಕೊನೆಯ ತನಕ ಮಗುವನ್ನು ಮುಟ್ಟಲಿಲ್ಲ.

ತಿದ್ದಿದ ಕರಪತ್ರದ ಕಟ್ಟು ನನ್ನ ಮೇಜಿಗೆ ಬಂದದ್ದು ತಿಥಿಯಾದ ಮಾರನೆಯ ದಿನ. "ಆಸ್ಪತ್ರೆಯಲ್ಲಿ ಕರೆಂಟ್ ಕೊಡಿಸಿಕೊಂಡವರಿಂದ ಯಾರಿಗೂ ಅಪಾಯವಿಲ್ಲ. ಮಕ್ಕಳನ್ನು ಎತ್ತಿಕೊಳ್ಳಬಹುದು." ಕನ್ನಡ ನನ್ನದೇ. ಒಂದು ಹಾಳೆ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಯಾರಿಗೆ ಕೊಡಬೇಕೆಂದು ಗೊತ್ತಾಗಲಿಲ್ಲ. ಹುಣಸೆಮರದ ಕೆಳಗೆ ಅವಳು ಕೂರುತ್ತಿದ್ದ ಚಪ್ಪಡಿಯ ಮೇಲೆಯೇ ಕೂತೆ. ಗೆರೆ ಅಳಿಸಿಹೋಗಿತ್ತು.

ಒಳಗಿಂದ ಮಗು ಓಡಿ ಬಂತು. ಅದನ್ನು ಎತ್ತಿಕೊಳ್ಳೋಣವೆಂದು ನಾನು ಎರಡೂ ಕೈ ಅಗಲಕ್ಕೆ ಚಾಚಿದೆ. ಮಗು ನಗುನಗುತ್ತಾ ಎರಡು ಹೆಜ್ಜೆ ಹಿಂದೆ ಹೋಗಿ ನಿಂತುಕೊಂಡಿತು.