ಮುದ್ದಯ್ಯನ ಮುಖದ ಉರಿ

ಅಂತರಸಂತೆಯ ಮುದ್ದಯ್ಯ ಕಾಡಿನಿಂದ ಹುಣಸೂರಿಗೆ ಮರದ ದಿಮ್ಮಿ ಸಾಗಿಸುವ ಗಾಡಿಯವನು. ಮೂವತ್ತೈದು ದಾಟಿದ ಮೇಲೆ ಬಿಸಿಲಲ್ಲಿ ನಿಂತರೆ, ಖಾರದ ಸಾರು ಉಂಡರೆ ಅವನ ಕೆನ್ನೆ ಕಾವೇರತೊಡಗಿತು. ಕಪ್ಪು ಮೈಯವನಾದ್ದರಿಂದ ಕೆಂಪು ಎದ್ದು ಕಾಣುತ್ತಿರಲಿಲ್ಲ.

"ಮುಖ ಉರೀತದೆ ಕಣಮ್ಮಿ" ಅನ್ನುತ್ತಿದ್ದ.

"ಹೆಂಡ ಕುಡ್ದೋರ್ಗೆಲ್ಲ ಅಂಗೇಯ" ಎಂದು ಹೆಂಡತಿ ಕೆಂಪಾಜಮ್ಮ ಮುಖ ತಿರುಗಿಸುತ್ತಿದ್ದಳು. ಅವನು ಕುಡಿದದ್ದನ್ನು ಅವಳು ಒಮ್ಮೆಯೂ ಕಂಡವಳಲ್ಲ. ಆದರೂ ನಂಬಲಿಲ್ಲ.

ನಾಲ್ಕಾರು ವರ್ಷದಲ್ಲಿ ಕೆನ್ನೆ ತುಂಬ ಗುಳ್ಳೆ ಎದ್ದವು. ಆಮೇಲೆ ಮೂಗು ದಪ್ಪವಾಗಿ ಗಂಟುಗಂಟಾಯಿತು. ಊರ ಯಜಮಾನ ಚಲುವಯ್ಯ ಬಾಗಿಲಲ್ಲೇ ನಿಂತು, "ಇದು ದೊಡ್ಡ ರೋಗ ಕಣವ್ವ. ಮನೇಲಿ ಎಣ್ಮಗ ಅದೆ. ದೂರ ಮಡಗು" ಎಂದ.

ಯಾರೂ ಬಲವಂತ ಮಾಡಲಿಲ್ಲ. ಗಂಡನ ಚಾಪೆ, ಉಣ್ಣುವ ತಣಿಗೆಯನ್ನು ಕೊಟ್ಟಿಗೆಗೆ ಹೊತ್ತು ಹಾಕಿದವಳು ಕೆಂಪಾಜಮ್ಮನೇ. ಆರು ವರ್ಷದ ಮಗಳು ಪುಟ್ಟಸಿದ್ದಮ್ಮ ಅಪ್ಪನ ಹತ್ತಿರ ಓಡಿದರೆ ಬೈಗುಳ ಬೀಳುತ್ತಿತ್ತು. ಕೊನೆಗೆ ಮುದ್ದಯ್ಯ ತಾನೇ ಮಗಳನ್ನು ಗದರಿಸಿ ಅಟ್ಟತೊಡಗಿದ. ಏಳು ವರ್ಷ ಹಾಗೇ ಇದ್ದು, ಚಳಿಜ್ವರದಲ್ಲಿ ಸತ್ತ. ಕೊನೆಯ ಗುಟುಕು ನೀರನ್ನೂ ಕೆಂಪಾಜಮ್ಮ ತಾಗಿಸಿಕೊಳ್ಳದೆ, ಎತ್ತರದಿಂದಲೇ ಬಾಯಿಗೆ ಬಿಟ್ಟಳು.

ಮಗಳನ್ನು ಕೃಷ್ಣರಾಜನಗರಕ್ಕೆ ಕೊಟ್ಟರು. ಎರಡು ಹೆತ್ತ ಮೇಲೆ ಅವಳ ಕಣ್ಣು ಕೆಂಪಾಗಿ, ಮರಳು ಬಿದ್ದ ಹಾಗೆ ಚುಚ್ಚತೊಡಗಿತು. ರೆಪ್ಪೆ ಊದಿತು. "ಮುಖಾನೂ ಉರೀತದೆ ಕಣವ್ವ" ಎಂದು ಅವಳು ಅಂದಾಗ ಕೆಂಪಾಜಮ್ಮನಿಗೆ ಗಂಡನ ಮುಖ ನೆನಪಾಯಿತು. ಮರುದಿನವೇ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಯಶೋದಮ್ಮ ರೆಪ್ಪೆ ಮಗುಚಿ ನೋಡಿ, "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಮುಖ ಕಾವೇರುತ್ತಿತ್ತಾ?" ಎಂದರು. ಕೆಂಪಾಜಮ್ಮ ತೊದಲುತ್ತ ಗಂಡನ ವಿಷಯ ಹೇಳಿದಳು.

"ಒಂದೇ ಕಾಯಿಲೆ ಒಬ್ಬೊಬ್ಬರಲ್ಲಿ ಒಂದೊಂದು ಥರ ಕಾಣುತ್ತಮ್ಮ. ಕೆಲವರಿಗೆ ಬರೀ ಕೆಂಪು, ಕಾವು. ಕೆಲವರಿಗೆ ಗುಳ್ಳೆ. ಕೆಲವು ಗಂಡಸರಿಗೆ ಮೂಗು ಊದುತ್ತೆ. ನಿಮ್ಮ ಮಗಳಿಗೆ ಕಣ್ಣಿಗೆ ಬಂದಿದೆ. ಇದು ಅಂಟೋದಲ್ಲ. ಕುಡಿಯದವರಿಗೂ ಬರುತ್ತೆ."

"ದೊಡ್ಡ ರೋಗ ಅಂದ್ರು ಕಣ್ರವ್ವ."

"ದೊಡ್ಡ ರೋಗ ಅಂದರೆ ಕುಷ್ಠ; ಅದರ ಮಚ್ಚೆ ಮುಟ್ಟಿದರೆ ರೋಗಿಗೆ ಗೊತ್ತೇ ಆಗೋದಿಲ್ಲ. ನಿಮ್ಮ ಯಜಮಾನರು ಉರಿ ಅಂತಿದ್ದರಲ್ಲ? ನೋಡದೆ ಖಂಡಿತ ಹೇಳಲಾರೆ. ಆದರೆ ನೀವು ಹೇಳಿದ್ದೆಲ್ಲ ಇದಕ್ಕೇ ಹೊಂದುತ್ತೆ."

ರೆಪ್ಪೆಗೆ ಬಿಸಿನೀರಿನ ಶಾಖ, ಕೆನ್ನೆಗೆ ಮುಲಾಮು ಹೇಳಿದರು. ಬಿಸಿಲು, ಖಾರ ಬೇಡವೆಂದರು.

ಹೊರಗೆ ಬಂದು ಮಗಳು ಕೇಳಿದಳು: "ಅಂಗಾರೆ ಅಪ್ಪನ್ನ ಯಾಕವ್ವ ಕೊಟ್ಟಿಗೇಲಿ ಮಡಗಿದ್ದೆ?"

"ಗೊತ್ತಿರ್ನಿಲ್ಲ ಕಣವ್ವ."

ಎರಡು ತಿಂಗಳಲ್ಲಿ ಮಗಳ ಕಣ್ಣು ತಿಳಿಯಾಯಿತು. ಕೆಂಪಾಜಮ್ಮ ಊರಿಗೆ ಬಂದು ಚಲುವಯ್ಯನಿಗೆ ಎಲ್ಲ ಹೇಳಿದಳು. ಅವನು ಮುದುಕನಾಗಿದ್ದ.

"ಸತ್ತೋನು ಸತ್ತ, ಈಗ್ಯಾಕೆ? ಬುಡು" ಎಂದ.

"ನಿಂಗೆ ಬುಡಕ್ಕಾಯ್ತದೆ ಕಣಣ್ಣ. ನಂಗಾಗಕಿಲ್ಲ" ಎಂದು ಅವಳು ಎದ್ದು ನಡೆದಳು.