ಎಮ್ಮೆ ಹೊಡೆದುಕೊಂಡು ಹೋದವನ ವಂಶ

ನಾನು ಮನೆ ಅಳಿಯ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರೋ ನನ್ನ ಬೆನ್ನ ಹಿಂದೆ ಹೇಳುವುದು ಬೇಡ. ಮಾವನಿಗೆ ಒಬ್ಬಳೇ ಮಗಳು. ಮದುವೆಯಾದ ಮೇಲೆ ನಾನು ಕನಕಪುರದ ಕಡೆಯಿಂದ ನನ್ನ ಬಟ್ಟೆ, ಬೈಕು, ಮುಂಗೋಪ ಮೂರನ್ನೂ ತಂದು ಚನ್ನಪಟ್ಟಣದ ಪಕ್ಕದ ಅವರ ಮನೆಯಲ್ಲಿ ಇಳಿಸಿದೆ. ಮರ್ಯಾದೆಗೇನೂ ಕೊರತೆಯಿಲ್ಲ. ‘ಅಳಿಯಂದ್ರು ಒಸಿ ಮೋಟ್ರು ಆನ್ ಮಾಡಿ’, ‘ಅಳಿಯಂದ್ರು ಒಸಿ ಹಸೀಗೆ ಹುಲ್ಲಾಕಿ.’ ಹೀಗೆ ಬಹುವಚನದಲ್ಲಿಯೇ ಬೆಳಗಿನಿಂದ ದುಡಿಸಿಕೊಳ್ಳುತ್ತಾರೆ.

ಹೋದ ವರ್ಷ ಮಾವನ ಅಣ್ಣನಿಗೆ, ಅಂದರೆ ನನ್ನ ದೊಡ್ಡ ಮಾವನಿಗೆ, ವಂಶವೃಕ್ಷದ ಹುಚ್ಚು ಹಿಡಿಯಿತು. ಮೇಷ್ಟರಾಗಿ ರಿಟೈರಾದವರು, ಹೊತ್ತು ಹೋಗಬೇಕಲ್ಲ. ಡ್ರಾಯಿಂಗ್ ಶೀಟಿನ ಮೇಲೆ ಒಂದು ಮರ ಬರೆದರು. ತಲೆಕೆಳಗಾದ ಮರ, ಬೇರು ಮೇಲೆ, ಕೊಂಬೆ ಕೆಳಗೆ. ಕೊಂಬೆಗಳಿಗೆ ಗಂಡಸರ ಹೆಸರುಗಳನ್ನೆಲ್ಲ ನೇತುಹಾಕಿದರು. ದೊಡ್ಡ ಮಾವನ ಹೆಸರಿನ ಕೆಳಗೆ ಗಂಡುಮಕ್ಕಳು, ಮೊಮ್ಮಕ್ಕಳು ಅಂತ ದೊಡ್ಡ ಗೊಂಚಲೇ ಇತ್ತು. ಮಾವನ ಹೆಸರಿನ ಕೆಳಗೆ ಒಂದು ಚುಕ್ಕಿ ಇತ್ತು.

‘ಇದೇನು ದೊಡ್ಡಪ್ಪ, ನೊಣ ಕೂತೈತಾ?’ ನನ್ನ ಹೆಂಡತಿ ಕೇಳಿದಳು.

‘ಆ ಕವಲು ಅಲ್ಲಿಗೆ ನಿಂತೋಯ್ತು ಅಂತ ಕಣವ್ವ. ಹೆಣ್ಮಕ್ಕಳು ವಂಶದಲ್ಲಿ ಬರಾಕಿಲ್ಲ. ಬೇಜಾರ್ ಮಾಡ್ಕಬ್ಯಾಡ.’

ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಸಿಟ್ಟು ಮಾಡಿಕೊಂಡಳು. ಆ ಸಿಟ್ಟನ್ನು ಮುದ್ದೆಯ ಜೊತೆ ನನ್ನ ತಟ್ಟೆಗೆ ಬಡಿಸಿದಳು. ಮಾವ ಮಾತ್ರ ಆ ಚುಕ್ಕಿಯನ್ನೇ ನೋಡುತ್ತಾ, ‘ಬುಡವ್ವ, ಹಾಳೆ ತಾನೆ’ ಅಂದರು. ಅಣ್ಣ ಹಾಕಿದ ಗೆರೆ ದಾಟಿದವರಲ್ಲ ನಮ್ಮ ಮಾವ. ಆದರೆ ಅಂದು ಅವರು ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಮರದ ಮೇಲ್ಗಡೆ, ಬೇರಿನಲ್ಲಿ, ಮೂಲಪುರುಷನ ಜಾಗ ಖಾಲಿಯಿತ್ತು. ದೊಡ್ಡ ಮಾವನ ಪ್ರಕಾರ ಆತ ಮಾಗಡಿಯ ಪಾಳೇಗಾರರ ಕಡೆ ಕುದುರೆ ಸವಾರ. ಸಾಕ್ಷಿಗೆ ದೇವರ ಮನೆಯಲ್ಲೊಂದು ತುಕ್ಕು ಹಿಡಿದ ಕತ್ತಿ, ಆಯುಧಪೂಜೆಗೆ ಅದಕ್ಕೆ ಕುಂಬಳಕಾಯಿ ಬೇರೆ. ಆತನ ಹೆಸರು ಪತ್ತೆ ಮಾಡಲು ಮಾಗಡಿ ಕಡೆಯ ಮಾವನವರ ಮನೆದೇವರ ಊರಿಗೇ ಹೋಗುವುದೆಂದು ತೀರ್ಮಾನವಾಯಿತು. ಅಣ್ಣತಮ್ಮಂದಿರೆಲ್ಲ ಸೇರಿ ಟೆಂಪೋ ಟ್ರಾವೆಲರ್ ಮಾಡಿದರು. ‘ವಂಶದೋರೆಲ್ಲ ಮುಂದೆ ಕೂತ್ಕಳಿ’ ಅಂದರು ದೊಡ್ಡ ಮಾವ. ನಾನು, ನನ್ನ ಹೆಂಡತಿ, ನೀರಿನ ಕ್ಯಾನು ಹಿಂದಿನ ಸೀಟಿಗೆ ಹೋದೆವು.

ಬೇರು ಮಾಗಡಿಯಲ್ಲಿದ್ದರೂ ತಟ್ಟೆ ಇಡ್ಲಿ ಬಿಡದಿಯಲ್ಲಿದ್ದ ಕಾರಣ ಗಾಡಿ ಸುತ್ತುಹಾಕಿಕೊಂಡು ಹೋಯಿತು. ದೇವರ ಊರು ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಪೂಜೆ ಮುಗಿದ ಮೇಲೆ ಪೂಜಾರಿ, ‘ನಿಮ್ಮ ಬಳಿಯೋರು, ನಿಮ್ಮ ಕುಲದೋರು ಅಂದ್ರೆ ಈ ಊರಲ್ಲಿ ಆ ಹಲಸಿನ ಮರದ ಮನೆಯೋರೇಯ’ ಎಂದು ಕೈ ತೋರಿಸಿದರು. ಅಲ್ಲಿ ಜಗಲಿಯ ಮೇಲೆ ಅಜ್ಜಿಯೊಬ್ಬರು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು.

ದೊಡ್ಡ ಮಾವ ಹಾಳೆ ಬಿಚ್ಚಿ, ಗಂಟಲು ಸರಿಮಾಡಿಕೊಂಡರು. ‘ನಾವು ಚನ್ನಪಟ್ಟಣದ ಕಡೆಯೋರು ಕಣವ್ವ. ನಮ್ಮ ಮೂಲಪುರುಷರು ಇಲ್ಲಿಂದ ಕುದುರೆ ಏರಿ...’

‘ಕುದ್ರೆ ಎಲ್ಲಿಂದ ಬರಬೇಕು? ಎಮ್ಮೆ ಹೊಡ್ಕೊಂಡ್ ಹೋದೋನ ಕಡೆಯೋರಾ ನೀವು?’ ಅಜ್ಜಿ ಬೀಜ ಬಿಡಿಸುವುದನ್ನು ನಿಲ್ಲಿಸಿದರು.

ಅಜ್ಜಿ ಹೇಳಿದ ಕಥೆ ಇಷ್ಟೇ. ಈ ಮನೆಯ ಕಿರಿಯ ಮಗ ಅಣ್ಣಂದಿರ ಜೊತೆ ಜಗಳವಾಡಿ, ಚನ್ನಪಟ್ಟಣದ ಕಡೆ ಗಂಡುಮಕ್ಕಳಿಲ್ಲದ ಮನೆಗೆ ಮನೆ ಅಳಿಯನಾಗಿ ಹೋದ. ಹೋಗುವಾಗ ಎಲ್ಲರಿಗೂ ಸೇರಿದ್ದ ಎಮ್ಮೆಯನ್ನು ಹೊಡೆದುಕೊಂಡು ಹೋದ.

‘ನಮ್ಮತ್ತೆ ಸಾಯೋಗಂಟ ಬೈತಿದ್ರು. ಕರಾವಿನ ಎಮ್ಮೆ ಕಣಪ್ಪ! ಈಗ್ಲಾದ್ರೂ ತಂದ್ರಾ?’

ಟೆಂಪೋದ ಮಂದಿಯೆಲ್ಲ ತಿರುಗಿ ನನ್ನನ್ನು ನೋಡಿದರು, ಎಮ್ಮೆ ಹೊಡೆದುಕೊಂಡು ಹೋದದ್ದು ನಾನೇ ಎಂಬಂತೆ.

‘ಹಂಗಾರೆ ನಮ್ಮ ಹೊಲ, ಮನೆ?’ ಮಾವ ಮೆಲ್ಲಗೆ ಕೇಳಿದರು.

‘ಎಲ್ಲಾ ಆ ಹೆಣ್ಣಿನ ಕಡೇದು. ಎಮ್ಮೆ ಬುಟ್ರೆ ಇವನ ತಾವ ಇನ್ನೇನಿತ್ತು?’

‘ಒಂದು ಕತ್ತಿ ಐತಲ್ಲವ್ವ?’ ದೊಡ್ಡ ಮಾವ ಸೋಲಲಿಲ್ಲ.

‘ಹಲಸಿನಣ್ಣು ಕುಯ್ಯೋದಿರಬೇಕು. ಅದೂ ನಮ್ದೇಯ.’ ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು. ‘ಕ್ಯಾನ್ ಹಿಡ್ಕಂಡು ನಿಂತವ್ನಲ್ಲ, ಇವ್ನ್ಯಾರು?’

ದೊಡ್ಡ ಮಾವ ಕೆಮ್ಮಿದರು. ‘ಅವರು... ನನ್ನ ತಮ್ಮನ ಮನೆ ಅಳಿಯಂದ್ರು.’

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಹಂಗಾರೆ ನಿಮ್ಮ ಮನೆ ಪದ್ಧತಿ ತಪ್ಪಿಲ್ಲ ಬುಡಿ.’

ಅಯ್ಯೋ ದೇವರೇ, ನಾನು ನಕ್ಕ ನಗುವಿಗೆ ಕ್ಯಾನು ಜಾರಿ ಕಾಲ ಮೇಲೆ ಬಿತ್ತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಆ ನಗುವಿನಲ್ಲಿ ಹೊರಗೆ ಬಂತು. ನನ್ನ ಹೆಂಡತಿ ನಗಲಿಲ್ಲ. ಅಜ್ಜಿಯ ಪಕ್ಕ ಹೋಗಿ ಕೂತಳು.

‘ಆಯಮ್ಮನ ಹೆಸರೇನಜ್ಜಿ? ಅವನ್ನ ಕಟ್ಕೊಂಡೋಳ್ದು?’

‘ಗೊತ್ತಿಲ್ವಲ್ಲ ಮಗ. ಇವನ ಹೆಸರು ಹೇಳ್ತೀನಿ ಬೇಕಾರೆ. ಎಮ್ಮೆ ಹೆಸರೂ ಹೇಳ್ತೀನಿ. ಆಯಮ್ಮನ್ದು ಯಾರೂ ಹೇಳ್ನಿಲ್ಲ.’

ನನ್ನ ನಗು ಅಲ್ಲಿಗೇ ನಿಂತಿತು. ಅವಳ ಹೊಲದ ರಾಗಿ ತಿಂದು ಬೆಳೆದವರು ಒಂದು ಟೆಂಪೋ ತುಂಬ ಬಂದಿದ್ದೇವೆ, ಅವಳ ಹೆಸರು ಒಬ್ಬರಿಗೂ ಗೊತ್ತಿಲ್ಲ. ಎಮ್ಮೆಯ ಹೆಸರು ಗೊತ್ತಿದೆ.

ದೊಡ್ಡ ಮಾವ ಅಜ್ಜಿ ಹೇಳಿದಂತೆ ಗಂಡಸಿನ ಹೆಸರನ್ನು ಮೇಲೆ ಬರೆದುಕೊಂಡು ಹಾಳೆ ಸುತ್ತತೊಡಗಿದರು. ಮಾವ ಅದರ ಅಂಚು ಹಿಡಿದುಕೊಂಡರು. ಅಣ್ಣನ ಕೈಯನ್ನು ಅವರು ತಡೆದದ್ದು ನಾನು ಅದೇ ಮೊದಲು ನೋಡಿದ್ದು.

‘ಅಣ್ಣ, ಆಯಮ್ಮನ ಅಪ್ಪನ ಕೆಳಗೂ ಯಾರಾರ ಚುಕ್ಕಿ ಇಟ್ಟುಬುಟ್ಟಿದ್ರೆ ನೀನೂ ಇಲ್ಲ, ನಾನೂ ಇಲ್ಲ. ನನ್ನ ಮಗಳ ಹೆಸರು ಬರಿ.’

‘ಜಾಗ ಎಲ್ಲೈತ್ಲಾ?’

‘ಸಣ್ಣಕ್ಕೇ ಬರಿ. ಇಲ್ದಿದ್ರೆ ನಾಳೆ ಇವಳ ಹೆಸರೂ ಹೋಗಿ, ಅಳಿಯಂದ್ರ ಬೈಕಿನ ನಂಬ್ರು ಒಂದೇ ಉಳ್ಕತದೆ.’

ಮಾವ ಹಾಳೆಯ ಅಂಚು ಬಿಡಲಿಲ್ಲ. ದೊಡ್ಡ ಮಾವ ಹಾಳೆಯನ್ನು ಜಗಲಿಯ ಮೇಲೆ ಹಾಸಿ, ಕನ್ನಡಕ ಏರಿಸಿ, ಆ ಚುಕ್ಕಿಯ ಮೇಲೆಯೇ ನನ್ನ ಹೆಂಡತಿಯ ಹೆಸರು ಬರೆದರು.