ನಾಲ್ಕು ರಸ್ತೆ ಸರ್ಕಲ್ಲಿನ ಜಾಕೆಟ್

ಠಾಣೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವಳನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಪೊಲೀಸರ ಹೊಟ್ಟೆ ಬೆಳೆದಂತೆಲ್ಲ ಸಮವಸ್ತ್ರದ ಗುಂಡಿ ಕಿತ್ತು ಬರುತ್ತಿತ್ತು; ಹದಿನೇಳು ವರ್ಷದಿಂದ ಅದನ್ನು ಮತ್ತೆ ಹಾಕಿಕೊಡುತ್ತಿದ್ದವಳು ಅವಳು. "ಗುಂಡಿ ಹಾಕ್ತೀನಿ ಸಾರ್, ಹೊಟ್ಟೆಗೆ ನನ್ನ ಹತ್ರ ಮದ್ದಿಲ್ಲ" ಎಂದು ಇನ್‌ಸ್ಪೆಕ್ಟರರ ಮುಖಕ್ಕೇ ಹೇಳಿದ್ದಳಂತೆ. ಬಾಯಿ ಜೋರು, ಹೊಲಿಗೆ ಅದಕ್ಕಿಂತ ಗಟ್ಟಿ.

ಗಂಡ ಸಂಚಾರ ಪೇದೆ. ನಾಲ್ಕು ರಸ್ತೆ ಕೂಡುವ ಸರ್ಕಲ್ಲಿನಲ್ಲಿ ನಿಂತು ಕೈ ಬೀಸುವ ಕೆಲಸ. ಮನೆಯಲ್ಲೂ ಅದೇ ಚಾಳಿ. ಊಟಕ್ಕೆ ಕರೆದರೆ ಬಾಯಿ ಬಿಡದೆ ಅಂಗೈ ಎತ್ತಿ 'ತಾಳು' ಎನ್ನುತ್ತಿದ್ದ. ಒಂದು ಸಂಜೆ ಆರೂಮುಕ್ಕಾಲಿಗೆ ಆ ಅಂಗೈಗೆ ಒಂದು ಲಾರಿ ನಿಲ್ಲಲಿಲ್ಲ.

ತಿಂಗಳು ಕಳೆದ ಮೇಲೆ ಅವಳು ಇಲಾಖೆಯ ಕಚೇರಿಗೆ ಹೋದಳು. ಗುಮಾಸ್ತ ಕಡತದಿಂದ ತಲೆ ಎತ್ತಲಿಲ್ಲ.

"ನಿಮ್ಮ ಯಜಮಾನ್ರ ಪಾಳಿ ಆರಕ್ಕೇ ಮುಗಿದಿದೆಯಲ್ಲಮ್ಮ. ಇದು ಕರ್ತವ್ಯದ ಮೇಲಿನ ಸಾವಲ್ಲ. ಸಾಮಾನ್ಯ ಸಾವು."

"ಸಾಮಾನ್ಯ ಸಾವು ಅಂದ್ರೇನ್ರೀ? ಸ್ವಲ್ಪ ಸತ್ತಿದ್ದಾರಾ?"

ಪಕ್ಕದ ಮೇಜಿನವನು ನಕ್ಕು, ಕೆಮ್ಮಿ ಮುಚ್ಚಿಕೊಂಡ. ಗುಮಾಸ್ತ ನಗಲಿಲ್ಲ. ಕರ್ತವ್ಯದಲ್ಲಿ ಸತ್ತಿದ್ದರೆ ಗಂಡ ನಿವೃತ್ತನಾಗಬೇಕಿದ್ದ ದಿನದವರೆಗೆ ಅವನ ಸಂಬಳ ಬರುತ್ತಿತ್ತು, ಕ್ವಾರ್ಟರ್ಸಿನ ಮನೆ ಉಳಿಯುತ್ತಿತ್ತು, ಮಗಳ ಓದು ಇಲಾಖೆಯ ಹೊಣೆಯಾಗುತ್ತಿತ್ತು. ಸಾಮಾನ್ಯ ಸಾವಾದರೆ ಮೂರು ತಿಂಗಳಲ್ಲಿ ಮನೆ ಬಿಡಬೇಕು. ಅವನು ಇದನ್ನೆಲ್ಲ ರೈಲಿನ ವೇಳಾಪಟ್ಟಿ ಓದುವವನಂತೆ ಓದಿ ಹೇಳಿದ.

ಆರಕ್ಕೆ ಪಾಳಿ ವಹಿಸಿಕೊಂಡೆನೆಂದು ಸಹಿ ಹಾಕಿದ್ದವನು ಗಂಡನ ಜೊತೆಗಾರ ಪೇದೆ. ಗಂಡ ಅವನನ್ನು ತಮ್ಮ ಎನ್ನುತ್ತಿದ್ದ, ಅವನು ಇವಳನ್ನು ಅತ್ತಿಗೆ ಎನ್ನುತ್ತಿದ್ದ. ಆ ಸಹಿಯ ಗುಟ್ಟು ಠಾಣೆಯ ಗೋಡೆಗೂ ಗೊತ್ತು. ಪಾಳಿಗೆ ಬರುವವನು ಮೊದಲು ಠಾಣೆಗೆ ಹೋಗಿ, 'ಆರು ಗಂಟೆಗೆ ಪಾಳಿ ವಹಿಸಿಕೊಂಡೆ, ಜಾಕೆಟ್ ಪಡೆದೆ' ಎಂದು ರಿಜಿಸ್ಟರಿನಲ್ಲಿ ಬರೆದುಬಿಡುವುದು; ಆಮೇಲೆ ಟೀ, ಹರಟೆ, ಕೊನೆಗೆ ಸರ್ಕಲ್ಲು. ಕತ್ತಲಲ್ಲಿ ಹೊಳೆಯುವ ಹಳದಿ ಜಾಕೆಟ್ ಸರ್ಕಲ್ಲಿಗೆ ಒಂದೇ. ಅದು ಒಬ್ಬನ ಬೆನ್ನಿನಿಂದ ಇನ್ನೊಬ್ಬನ ಬೆನ್ನಿಗೆ ಹೋದಾಗಲೇ ನಿಜವಾದ ಪಾಳಿ ಬದಲಾಗುವುದು. ಅವಳ ಗಂಡನೂ ಎಷ್ಟೋ ಸಲ ಹೀಗೇ ಮೊದಲು ಬರೆದು ಆಮೇಲೆ ಹೋಗಿದ್ದವನೇ.

ಅವಳು ನೇರ ಆ ಪೇದೆಯ ಮನೆಬಾಗಿಲಿಗೆ ಹೋದಳು. ಅವನು ಒಳಗೆ ಕರೆಯಲಿಲ್ಲ.

"ಮುಕ್ಕಾಲು ಗಂಟೆ ನಿಮಗೋಸ್ಕರ ನಿಂತಿದ್ರು ನಿಮ್ಮಣ್ಣ. ಅಷ್ಟು ಹೇಳಿ ಸಾಕು."

"ರಿಜಿಸ್ಟರ್ ಏನು ಹೇಳುತ್ತೋ ನಾನೂ ಅದನ್ನೇ ಹೇಳೋದು ಅತ್ತಿಗೆ. ನನಗೂ ಹೆಂಡ್ತಿ ಮಕ್ಕಳಿದ್ದಾರೆ."

"ನನಗೆ ಗಂಡ ಇದ್ದ."

"ಸತ್ತೋರು ವಾಪಸ್ ಬರ್ತಾರಾ? ಬದುಕಿರೋರ ಅನ್ನಕ್ಕೆ ಯಾಕೆ ಮಣ್ಣು ಹಾಕ್ತೀರಿ?" ಎಂದು ಬಾಗಿಲು ಮುಂದೆ ಮಾಡಿದ.

ಮನೆ ಬಿಡಲು ಹನ್ನೊಂದು ದಿನ ಉಳಿದಾಗ ಕಚೇರಿಯಿಂದ ಒಂದು ನೋಟಿಸು ಬಂತು. ಕೆಳಗೆ ಅದೇ ಗುಮಾಸ್ತನ ಸಹಿ. ಮೃತರ ಬಳಿ ಉಳಿದಿರುವ ಸರ್ಕಾರಿ ವಸ್ತುಗಳನ್ನು ಹಿಂದಿರುಗಿಸತಕ್ಕದ್ದು: ಸೀಟಿ ಒಂದು, ಟೋಪಿ ಒಂದು, ನಾಲ್ಕು ರಸ್ತೆ ಸರ್ಕಲ್ಲಿನ ಜಾಕೆಟ್ ಒಂದು.

ಅವಳು ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ನಕ್ಕಳು. ಗಂಡ ಸತ್ತ ಮೇಲೆ ಅದೇ ಮೊದಲ ನಗು, ಅದರಲ್ಲಿ ಸಂತೋಷವಿರಲಿಲ್ಲ.

ಜಾಕೆಟ್ ಟ್ರಂಕಿನಲ್ಲಿತ್ತು. ಆಸ್ಪತ್ರೆಯವರು ಅವನ ಬಟ್ಟೆಯ ಜೊತೆ ಚೀಲದಲ್ಲಿ ಹಾಕಿ ಕೊಟ್ಟಿದ್ದು. ಒಗೆಯಲು ಅವಳಿಗೆ ಕೈ ಬಂದಿರಲಿಲ್ಲ. ಎಡ ಭುಜದಲ್ಲಿ ಅವಳದೇ ಹೊಲಿಗೆ. ಅಂದು ಹಳದಿ ದಾರ ಮುಗಿದು ನೀಲಿಯಲ್ಲಿ ಹೊಲಿದಿದ್ದಳು. "ಬಾಳೆಹಣ್ಣಿಗೆ ನವಿಲುಗರಿ ಸಿಕ್ಕಿಸಿದ ಹಾಗಿದೆ" ಎಂದು ಅವನು ರೇಗಿಸಿದ್ದ.

ಅದನ್ನು ಕಚೇರಿಗೆ ಒಯ್ದಾಗ, "ಅಲ್ಲಿಟ್ಟು ಹೋಗಿ" ಎಂದ ಗುಮಾಸ್ತ.

"ರಸೀದಿ ಕೊಡಿ."

"ಒಂದು ಹಳೇ ಜಾಕೆಟ್‌ಗೆ ರಸೀದಿ ಬೇರೆ?"

"ಕೇಳಿದ್ದು ಬರವಣಿಗೆಯಲ್ಲಿ, ತಗೊಳ್ಳೋದು ಬಾಯಲ್ಲಾ? ಎಲ್ಲಿತ್ತು ಅಂತಾನೂ ಬರೀರಿ. ಮೈಮೇಲೆ ಏನೇನಿತ್ತು ಅಂತ ಆಸ್ಪತ್ರೆಯೋರು ಬರೆದ ಪಟ್ಟಿ ಇಲ್ಲಿದೆ, ನೋಡ್ಕೊಳ್ಳಿ."

ಪೀಡೆ ತೊಲಗಿದರೆ ಸಾಕೆಂದು ಅವನು ಗೀಚಿದ: ಅಪಘಾತದ ವೇಳೆ ಮೃತರ ಮೈಮೇಲಿದ್ದ ಜಾಕೆಟ್ ಒಂದನ್ನು ಪತ್ನಿಯಿಂದ ಪಡೆಯಲಾಗಿದೆ. ಮೊಹರು ಒತ್ತಿದ. ಅವಳು ಶಾಯಿ ಒಣಗುವಷ್ಟು ಹೊತ್ತು ಊದಿ, ಕಾಗದ ಹಿಡಿದು ಸೀದಾ ಮೇಲಧಿಕಾರಿಯ ಕೋಣೆಗೆ ನಡೆದಳು.

"ಸಾರ್, ಆ ದಿನದ ರಿಜಿಸ್ಟರ್ ತರಿಸಿ. ಜಾಕೆಟ್ ಆರು ಗಂಟೆಗೆ ಬೇರೆಯವರ ಬೆನ್ನಿಗೆ ಹೋಗಿದೆ ಅಂತ ಅದು ಹೇಳುತ್ತೆ. ಆರೂಮುಕ್ಕಾಲಿಗೆ ನಮ್ಮೋರ ಮೈಮೇಲಿತ್ತು ಅಂತ ನಿಮ್ಮ ಕಚೇರಿ ಮೊಹರು ಹೇಳುತ್ತೆ. ಸರ್ಕಲ್ಲಿಗೆ ಇರೋದು ಒಂದೇ ಜಾಕೆಟ್. ಎರಡರಲ್ಲಿ ಯಾವುದು ಸುಳ್ಳು, ನೀವೇ ಹೇಳಿ."

ಅಧಿಕಾರಿಗೆ ಅವಳ ಮೇಲೆ ಸಿಟ್ಟೇ ಬಂತು. ಹೆಂಗಸು ಅತ್ತಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಲೆಕ್ಕಾಚಾರದ ಹೆಂಗಸನ್ನು ಏನು ಮಾಡುವುದು? ಆದರೂ ರಿಜಿಸ್ಟರ್ ತರಿಸಿದ. ಜೊತೆಗಾರ ಪೇದೆಯನ್ನೂ ಕರೆಸಿದ. ಜಾಕೆಟನ್ನು ಮೇಜಿನ ಮೇಲೆ ಹರಡಿದ್ದರು. ಪೇದೆ ಒಣಗಿ ಕಪ್ಪಾದ ಕಲೆಯನ್ನು ನೋಡಲಿಲ್ಲ, ಭುಜದ ನೀಲಿ ದಾರವನ್ನೇ ನೋಡುತ್ತ ನಿಂತ.

"ಅವತ್ತು ನಾನು ಇದನ್ನ ಹಾಕಿರಲಿಲ್ಲ ಸಾರ್" ಎಂದ ಕೊನೆಗೆ.

ಕಡತದಲ್ಲಿ 'ಸಾಮಾನ್ಯ' ಎಂಬ ಪದಕ್ಕೆ ಗೆರೆ ಬಿತ್ತು. ಮನೆ ಉಳಿಯಿತು. ಪೇದೆ ಅಮಾನತಾದ. ಠಾಣೆಯವರು ಗುಂಡಿ ಕಿತ್ತರೆ ದೂರದ ಅಂಗಡಿಗೆ ಹೋಗತೊಡಗಿದರು. ಅವರೆಲ್ಲರೂ ಮೊದಲು ಬರೆದು ಆಮೇಲೆ ಹೋಗುವವರೇ.

ಒಂದು ಮಧ್ಯಾಹ್ನ ಅಮಾನತಾದ ಆ ಪೇದೆ ಅವಳ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತ.

"ಸಮಾಧಾನ ಆಯ್ತಾ ಅತ್ತಿಗೆ?"

"ಇಲ್ಲ" ಎಂದಳು, ಹೊಲಿಗೆಯಂತ್ರ ನಿಲ್ಲಿಸದೆ.

ಅಪಘಾತಕ್ಕೂ ಮೊದಲು ಅವನು ಹೊಲಿಯಲು ಕೊಟ್ಟಿದ್ದ ಹೊಸ ಅಂಗಿ ಇನ್ನೂ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅವಳು ಎದ್ದು ಅದನ್ನು ತೆಗೆದು, ಕತ್ತರಿ ಕೈಗೆತ್ತಿಕೊಂಡಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ತೋಳಿನಲ್ಲಿ ಉಳಿದಿದ್ದ ಒಂದು ಎಳೆ ದಾರವನ್ನಷ್ಟೇ ಕತ್ತರಿಸಿ, ಅಂಗಿಯನ್ನು ಮಡಿಚಿ ಅವನ ಕಡೆ ತಳ್ಳಿದಳು.

"ಗುಂಡಿ ಎಲ್ಲ ಗಟ್ಟಿ ಇವೆ. ಇನ್ನು ಮೇಲೆ ಅತ್ತಿಗೆ ಅನ್ನಬೇಡಿ. ಎಲ್ಲರ ಹಾಗೆ ಗುಂಡಿಯಕ್ಕ ಅನ್ನಿ."